ಕಮಲಾಕ್ಷಿಯ ಹೆಸರಿನ ಲೈಸೆನ್ಸು

ವಿಮಾ ಏಜೆಂಟರ ಲೈಸೆನ್ಸು ಮನೆಮಂದಿಯೆಲ್ಲ ಬಳಸುವ ರೇಷನ್ ಕಾರ್ಡಲ್ಲ. ಪರೀಕ್ಷೆ ಪಾಸಾಗಿ ಲೈಸೆನ್ಸು ಪಡೆದವರೇ ಪಾಲಿಸಿ ಮಾರಬೇಕು. ಗೊತ್ತಿದ್ದೂ ಗಂಡಂದಿರು ಹೆಂಡತಿಯ ಹೆಸರಿನಲ್ಲಿ ಅಂಗಡಿ ತೆರೆಯುತ್ತಾರೆ.

ಧಾರವಾಡದಿಂದ ವಡೋದರಕ್ಕೆ ವರ್ಗವಾಗಿ ಬಂದ ಅಚ್ಯುತ ಬ್ಯಾಂಕಿನವನು. ಏಜೆನ್ಸಿ ನಡೆಸುವಂತಿಲ್ಲ. ಹಾಗಾಗಿ ಹೆಂಡತಿ ಕಮಲಾಕ್ಷಿಯನ್ನು ಪರೀಕ್ಷೆಗೆ ಕೂರಿಸಿದ. ಸುಮ್ಮನೆ ಟಿಕ್ ಹಾಕಿ ಬಾ ಎಂದಿದ್ದ. ಅವಳು ಮಾತ್ರ ಪುಸ್ತಕವನ್ನು ಎರಡು ಸಲ ಓದಿ, ಅಹಮದಾಬಾದಿಗೆ ಹೋಗಿ ಬರೆದು ಪಾಸಾದಳು. ಆಮೇಲೆ ಅವಳ ಕೆಲಸ ಇಷ್ಟೇ: ಭಾನುವಾರ ನಾಷ್ಟಾ ಮುಗಿದ ಮೇಲೆ ಖಾಲಿ ಫಾರ್ಮುಗಳ ಕಟ್ಟಿಗೆ ಸಹಿ. ತುಂಬುವವನು, ಮಾರುವವನು ಅಚ್ಯುತ. ಸೂರತ್ತಿನ ಕನ್ನಡದವರೇ ಅವನ ಗಿರಾಕಿಗಳು.

ಈ ಮಾರ್ಚಿನಲ್ಲಿ ಸೂರತ್ತಿನ ಉಧ್ನಾದ ಮಗ್ಗದ ಕಾರ್ಖಾನೆಯಲ್ಲಿದ್ದ ಬೆಟಗೇರಿಯ ಹನುಮಂತ ತೀರಿಕೊಂಡ. ಅಚ್ಯುತನ ಗಿರಾಕಿ, ಶುಗರ್ ಇದ್ದ ಮನುಷ್ಯ. ಫಾರ್ಮಿನಲ್ಲಿ ಯಾವ ಕಾಯಿಲೆಯೂ ಇಲ್ಲ ಎಂದಿತ್ತು. ಮುಚ್ಚಿಟ್ಟಿದ್ದಾನೆಂದು ಕಂಪನಿ ಹಣ ತಡೆಹಿಡಿಯಿತು, ಏಜೆಂಟರನ್ನು ವಿಚಾರಣೆಗೆ ಕರೆಯಿತು. ಏಜೆಂಟರೆಂದರೆ ಕಮಲಾಕ್ಷಿ.

ಪತ್ರ ಬಂದಂದಿನಿಂದ ಕುಕ್ಕರ್ ಕೂಗಿದರೂ ಅವಳ ಎದೆ ಧಸಕ್ಕೆನ್ನುತ್ತಿತ್ತು. ಅಷ್ಟರಲ್ಲಿ ಹನುಮಂತನ ಹೆಂಡತಿ ಅನಸೂಯ ಫೋನ್ ಮಾಡಿದಳು. ಬೈಯಲಿಲ್ಲ, ಅಳಲೂ ಇಲ್ಲ. ಏಜೆಂಟರು ಮನೆಗೆ ಬಂದು, ಎದುರು ಕೂತು, ಒಂದೊಂದೇ ಪ್ರಶ್ನೆ ಕೇಳಿ ಬರೆದುಕೊಂಡರೆಂದು ಕಂಪನಿಯ ಕಾಗದದಲ್ಲಿದೆಯಂತೆ.

"ಅಕ್ಕಾರ, ನೀವು ನಮ್ಮನಿಗೆ ಯಾವಾಗ ಬಂದಿದ್ರಿ? ನಾ ನಿಮ್ಮ ಮಾರೀನ ನೋಡಿಲ್ಲಲ್ರೀ. ಇವರಿಗೆ ಸಕ್ರಿ ಇಲ್ಲದ ಚಾ ಯಾಕ ಅಂತ ನಿಮ್ಮ ಯಜಮಾನ್ರ ಕೇಳಿದ್ರು. ಶುಗರ್ ಐತಿ ಅಂತ ಹೇಳಿದ್ವಿ."

ಕಮಲಾಕ್ಷಿಗೆ ತನ್ನ ಪರೀಕ್ಷೆ ನೆನಪಾಯಿತು. ಫಾರ್ಮಿನ ಪ್ರಶ್ನೆಗಳನ್ನು ಯಾರು ಕೇಳಬೇಕೆಂದು ಪರೀಕ್ಷೆಯಲ್ಲಿ ಬಂದಿತ್ತು. ಏಜೆಂಟ್ ತಾನೇ ಕೇಳಬೇಕು ಎಂದು ಅವಳು ಸರಿಯಾಗಿಯೇ ಟಿಕ್ ಹಾಕಿದ್ದಳು. ತಿಳಿಯದೆ ಸಹಿ ಹಾಕಿದೆ ಎನ್ನುವ ದಾರಿಯೂ ಅವಳಿಗಿರಲಿಲ್ಲ.

ವಿಚಾರಣೆಗೆ ಹೊರಟ ಸೂರತ್ತಿನ ರೈಲಿನುದ್ದಕ್ಕೂ ಅಚ್ಯುತ ಪಾಠ ಹೇಳಿಕೊಟ್ಟ. "ನೀ ಕೇಳಿದಿ, ಅಂವ ಇಲ್ಲ ಅಂದ. ಅಷ್ಟ ಹೇಳು. ಸತ್ತಾಂವ ಎದ್ದು ಬಂದು ಸಾಕ್ಷಿ ಹೇಳಂಗಿಲ್ಲ. ನಿಜಾ ಹೇಳಿದ್ಯೋ, ನನ್ನ ನೌಕರಿ ಹೋತು, ನಾಳೆ ಮಗಳ ಕಾಲೇಜಿನ ಫೀ ನೀ ಕಟ್ತೀಯೇನು?"

ಅವಳು ಮನಸ್ಸಿನಲ್ಲೇ ಎರಡನ್ನೂ ತೂಗಿ ನೋಡಿದಳು. ಸುಳ್ಳಾಡಿದರೆ ಸತ್ತವನು ಮೋಸಗಾರ, ಅನಸೂಯಳಿಗೆ ಬಿಡಿಗಾಸೂ ಇಲ್ಲ. ನಿಜ ಹೇಳಿದರೆ ತನ್ನ ಮನೆಯೇ ಮುಳುಗುತ್ತದೆ. ಜೈಲಿಗೂ ಹಾಕುತ್ತಾರೇನೋ; ಪುಸ್ತಕದಲ್ಲಿ ಅದನ್ನು ಓದಿದ ನೆನಪಿರಲಿಲ್ಲ.

ವಿಚಾರಣೆಯ ಕೋಣೆಗೆ ಗಾಜಿನ ಬಾಗಿಲು. ಆಚೆಗೆ ಅಚ್ಯುತ ನಿಂತು ನೋಡುತ್ತಿದ್ದ. ಹನುಮಂತನ ಮನೆಗೆ ಹೋಗಿದ್ದಿರಾ ಎಂದು ಅಧಿಕಾರಿ ಹಿಂದಿಯಲ್ಲಿ ಕೇಳಿದರು.

"ಮೈ ಗಯೀ ಹೀ ನಹೀಂ, ಸಾಬ್."

ಹೋಗಿಯೇ ಇಲ್ಲವೆಂದರೆ ಕೇಳಿದವರು, ತುಂಬಿದವರು ಯಾರೆಂದು ಬರೆದುಕೊಡಿ ಎಂದು ಅವರು ಬಿಳಿ ಹಾಳೆ ಸರಿಸಿದರು. ಅವಳು ಗಾಜಿನತ್ತ ನೋಡದೆ ಗಂಡನ ಹೆಸರು ಬರೆದಳು. ಹೆದರಿಕೆ ಎಳ್ಳಷ್ಟೂ ಇಳಿಯಲಿಲ್ಲ. ಹೊರಗೆ ಹೋಗಲು ಇದ್ದದ್ದು ಗಂಡ ನಿಂತಿದ್ದ ಅದೊಂದೇ ಬಾಗಿಲು.

ಈಗ ಕಪಾಟು ತೆರೆದು ನಿಮ್ಮ ಪಾಲಿಸಿ ತೆಗೆಯಿರಿ. ಏಜೆಂಟರ ಹೆಸರು ಓದಿ. ಅವರ ಮುಖವನ್ನೇ ನೀವು ಕಂಡಿಲ್ಲವೆಂದಾದರೆ ಇವತ್ತೇ ಮನೆಗೆ ಕರೆಸಿ, ಎದುರಿಗೆ ಕೂರಿಸಿ, ನಿಮ್ಮ ಬಾಯಿಗೆ ಹಾಕಿದ ಒಂದೊಂದು ಉತ್ತರವನ್ನೂ ಓದಿಸಿ. ತಪ್ಪಿದ್ದರೆ ನೀವು ಬದುಕಿರುವಾಗಲೇ ತಿದ್ದಿಸಿ.