ಪಕ್ಕದ ಕೋಣೆಯ ಸಾಹೇಬರು

ತೆರಿಗೆ ಕಚೇರಿಯ ಈ ಅಧಿಕಾರಿಗೆ ಅಪ್ಪ ಅಮ್ಮ ಇಟ್ಟ ಹೆಸರು ಸಹಿಯಲ್ಲಿ ಮಾತ್ರ ಉಳಿದಿತ್ತು. ಊರಿಗೆಲ್ಲ ಅವರು ಪಕ್ಕದ ಕೋಣೆ ಸಾಹೇಬರು. ಯಾವ ತಕರಾರು ಬಂದರೂ ಕನ್ನಡಕ ಏರಿಸಿ, "ಇದು ನಮ್ಮ ವ್ಯಾಪ್ತಿಗೆ ಬರಲ್ಲ, ಪಕ್ಕದ ಕೋಣೇಲಿ ಕೇಳಿ" ಎನ್ನುವರು. ಪಕ್ಕದ ಕೋಣೆಯ ಅಧಿಕಾರಿಯೂ ಅದೇ ಗರಡಿಯಲ್ಲಿ ಪಳಗಿದವರು. ಬಂದ ದಾರಿಗೇ ವಾಪಸ್ ಕಳಿಸುವರು. ತೀರ್ಪು ಕೊಟ್ಟರೆ ತಾನೇ ತಪ್ಪಾಗುವುದು? ಹಾಗೆ ಒಂದೂ ತಪ್ಪು ಮಾಡದೆ ಸಾಹೇಬರು ಬಡ್ತಿಯ ಮೇಲೆ ಬಡ್ತಿ ಪಡೆದಿದ್ದರು. ಮನೆಯಲ್ಲೂ ಅಷ್ಟೆ. ಮುಂದೇನು ಓದಲಿ ಎಂದು ಮಗಳು ಕೇಳಿದರೆ, "ಅಮ್ಮನ್ನ ಕೇಳು." ಅಮ್ಮ ಹೇಳಿದ್ದು ಎಡವಟ್ಟಾದರೆ, "ನಾನಾಗಿದ್ರೆ ಬೇಡ ಅಂತಿದ್ದೆ" ಎಂದು ಪೇಪರ್ ಬಿಡಿಸುವರು.

ಹೀಗಿದ್ದವರ ಪಾಲಿಗೆ ಬಂದವಳು ಹಾಸಿಗೆ ಹೊಲಿಯುವ ಹೆಂಗಸು. ಅವಳ ಅಂಗಡಿಯ ಬಾಗಿಲು ಮುಂದಿನ ಬೀದಿಗೆ, ಗೋದಾಮಿನ ಬಾಗಿಲು ಹಿಂದಿನ ಬೀದಿಗೆ. ಮುಂದಿನ ಬೀದಿ ಸಾಹೇಬರ ವ್ಯಾಪ್ತಿ, ಹಿಂದಿನದು ಪಕ್ಕದ ಕೋಣೆಯವರದು. ಹತ್ತಿಗೆ ತೆರಿಗೆ ಕಟ್ಟಿಲ್ಲವೆಂಬ ಗುಮಾನಿಯ ಮೇಲೆ ಕಚೇರಿಯಿಂದ ತಪಾಸಣೆಗೆ ಬಂದವರು ಗೋದಾಮಿಗೆ ಬೀಗ ಜಡಿದು ಹೋದರು. ಒಳಗೆ ಹೊಸ ಆಸ್ಪತ್ರೆಗೆಂದು ಹೊಲಿದಿಟ್ಟ ಹಾಸಿಗೆಗಳು. ಅವು ಹೊರಬರದಿದ್ದರೆ ಅಂಗಡಿಯನ್ನೇ ಮುಚ್ಚಬೇಕು. ಬೀಗ ಹಾಕಲು ಇಬ್ಬರಿಗೂ ಅಧಿಕಾರವಿತ್ತು, ತೆಗೆಯಲು ಒಬ್ಬರಿಗೂ ಇರಲಿಲ್ಲ. ಬೇಸಿಗೆ ಕಳೆದು ಮಳೆ ಹಿಡಿಯುವವರೆಗೂ ಪಾಪ ಅವಳು ಎರಡು ಕೋಣೆಗಳ ನಡುವೆ ಚಪ್ಪಲಿ ಸವೆಸಿದಳು.

ಅಷ್ಟರಲ್ಲಿ ಪಕ್ಕದ ಕೋಣೆಯವರಿಗೆ ವರ್ಗವಾಯಿತು. ಎರಡೂ ಬೀದಿಗಳ ತೆರಿಗೆ ತಕರಾರು ತೀರ್ಮಾನಿಸುವ ಅಧಿಕಾರ ಇನ್ನು ನಿಮಗೇ ಎಂದು ಮೇಲಿನಿಂದ ಆದೇಶ ಬಂತು. ಸಾಹೇಬರು ಆದೇಶವನ್ನು ಎರಡೆರಡು ಸಲ ಓದಿದರು. ಆದರೆ ಇಷ್ಟು ವರ್ಷದ ಅನುಭವ ಎಲ್ಲಿ ಹೋದೀತು? ಹಾಸಿಗೆಯವಳ ವಿಷಯದಲ್ಲಿ ತಮ್ಮ ಅಭಿಪ್ರಾಯ ತಿಳಿಸಿ ಎಂದು ಪಕ್ಕದ ಕೋಣೆಗೆ ಒಂದು ಪತ್ರ ಬರೆದರು. ಆಮೇಲೆ ಎದ್ದು ಆ ಕೋಣೆಗೆ ಹೋಗಿ, ಅಲ್ಲಿಯ ಕುರ್ಚಿಯಲ್ಲಿ ಕೂತು, ಅದನ್ನು ಗಂಭೀರವಾಗಿ ಓದಿ, ಇದು ನಿಮ್ಮ ವ್ಯಾಪ್ತಿಗೇ ಬರುತ್ತದೆ ಎಂದು ತಮಗೇ ಉತ್ತರ ಬರೆಯತೊಡಗಿದರು.

ಬಾಗಿಲಲ್ಲಿ ನಿಂತು ನೋಡುತ್ತಿದ್ದ ಹಾಸಿಗೆಯವಳು ಕೇಳಿದಳು: "ಸಾಹೇಬ್ರೇ, ಈಗ ಅಲ್ಲೂ ನೀವೇ, ಇಲ್ಲೂ ನೀವೇ. ಇನ್ನು ನನ್ನನ್ನ ಎಲ್ಲಿಗೆ ಕಳಿಸ್ತೀರಿ?"

ಸಾಹೇಬರು ಮೊದಲ ಸಲ ಅವಳ ಫೈಲು ಬಿಚ್ಚಿ ಓದಿದರು. ತೆರಿಗೆ ಕಟ್ಟಿದ ರಸೀದಿ ಮೇಲೆಯೇ ಇತ್ತು. ನಾಚಿಕೆಯಾಗಬೇಕಿತ್ತು, ಆಗಿದ್ದು ಹೆಮ್ಮೆ. ತೀರ್ಪು ಕೊಡುವುದು ಇಷ್ಟು ಸುಲಭವೇ! ಬೀಗ ತೆಗೆಯಲು ಆದೇಶ ಬರೆದು ಸಹಿ ಜಡಿದು, ಅವಳ ಆನಂದಬಾಷ್ಪ ನೋಡಲು ತಾವೇ ಜೊತೆಗೆ ಹೊರಟರು.

ಗೋದಾಮಿನ ಬಾಗಿಲು ತೆರೆದದ್ದೇ ತಡ, ಇಲಿಗಳು ದಿಕ್ಕಾಪಾಲಾಗಿ ಓಡಿದವು. ಅವಳು ಒಂದು ಹಾಸಿಗೆ ಎತ್ತಿದಳು. ಕೈಗೆ ಬರೀ ಬಟ್ಟೆ ಬಂತು. ಹತ್ತಿಯೆಲ್ಲ ಚೂರುಚೂರಾಗಿ ನೆಲದ ತುಂಬ ಹರಡಿತ್ತು. ಇನ್ನೊಂದನ್ನು ಎತ್ತಿದಳು. ಅದೂ ಹಾಗೇ.

ಸಾಹೇಬರು ಕೆಮ್ಮಿದರು. "ನೋಡಮ್ಮಾ, ನಿನ್ನದೇನೂ ತಪ್ಪಿಲ್ಲ ಅಂತ ನಾನು ಬರೆದುಕೊಟ್ಟಿದ್ದೀನಿ. ಇಲಿ ಮಾಡಿದ್ದಕ್ಕೆ ನಾನೇನು ಮಾಡಲಿ?"

ಅವಳು ಖಾಲಿ ಬಟ್ಟೆಯನ್ನು ಕೊಡವಿ ಮಡಿಸಿದಳು. "ಇಲಿಗಳೇ ವಾಸಿ ಬಿಡಿ ಸಾಹೇಬ್ರೇ. ಯಾರ ಆದೇಶಕ್ಕೂ ಕಾಯದೆ, ಬಂದ ದಿನಾನೇ ಕೆಲಸ ಶುರು ಮಾಡಿವೆ."