ಬೆಕ್ಕಿಗಾಗಿ ಮೀನು ಬಿಟ್ಟವರು

ಘಣಸೋಲಿಯಲ್ಲಿ ನಮ್ಮ ಪಕ್ಕದ ಮನೆಯವರು ಮಲ್ಪೆ ಕಡೆಯ ಹೋಟೆಲ್ ಮ್ಯಾನೇಜರು. ಹತ್ತಿರದ ರಬಾಳೆಯ ಗಟಾರದಿಂದ ಎತ್ತಿ ತಂದ ಬೆಕ್ಕೊಂದನ್ನು ಸಾಕಿದ್ದರು. ಅದು ತಿಂಗಳುಗಟ್ಟಲೆ ವಾಂತಿ ಮಾಡುತ್ತಿತ್ತು. ಒಬ್ಬ ಡಾಕ್ಟರು ಕಿಡ್ನಿ ಎಂದರು, ಇನ್ನೊಬ್ಬರು ಕರುಳು ಎಂದರು. ಉಪ್ಪಿಲ್ಲದೆ ಬೇಯಿಸಿದ ಕೋಳಿಯಷ್ಟೇ ಪಥ್ಯ. ಬೆಕ್ಕು ಗುಣವಾಗುವ ತನಕ ತಾವು ಮೀನು ಮುಟ್ಟುವುದಿಲ್ಲವೆಂದು ಇವರು ಹರಕೆ ಹೊತ್ತರು. ನಮ್ಮ ಅಡುಗೆಯ ವಾಸನೆಗೆ ಮೂಗರಳಿಸಿ, "ಬಂಗುಡೆಯಾ ಅಣ್ಣ? ಇರ್ಲಿ, ಇದೊಂದು ಹುಷಾರಾಗ್ಲಿ," ಎನ್ನುತ್ತಿದ್ದರು.

ಅವರು ಡ್ಯೂಟಿಗೆ ಹೋದೊಡನೆ ಬೆಕ್ಕು ಬಾಲ್ಕನಿ ದಾಟಿ ಬರುತ್ತಿತ್ತು. ಪಾಪವೆಂದು ನಾನು ದಿನವೂ ಹುರಿದ ಬಂಗುಡೆ ಹಾಕುತ್ತಿದ್ದೆ.

ಮತ್ತೊಬ್ಬ ಡಾಕ್ಟರಲ್ಲಿಗೆ ನನ್ನನ್ನೂ ಕರೆದೊಯ್ದರು. ಹೊರಗಿನವರು ಏನಾದರೂ ತಿನ್ನಿಸುತ್ತಾರೆಯೇ ಎಂದು ಡಾಕ್ಟರು ಕೇಳಿದರು. ಇವರು ನನ್ನತ್ತ ತಿರುಗಿ ನಕ್ಕರು.

"ಕೇಳಿದ್ರಾ ಅಣ್ಣ? ನೀವಿರುವಾಗ ಯಾರು ಹಾಕ್ತಾರೆ!"

ಬೆಕ್ಕು ನನ್ನ ತೊಡೆಯ ಮೇಲೆ ಕೂತು ಬೆರಳು ನೆಕ್ಕುತ್ತಿತ್ತು.

"ನಿಮ್ಮನ್ನು ಕಂಡ್ರೆ ಎಂಥ ಪ್ರೀತಿ ಮಾರಾಯ್ರೆ ಇದಕ್ಕೆ!"

ನಾನು ಹೌದೆಂದು ತಲೆಯಾಡಿಸಿದೆ. ಅವರ ಹರಕೆ ಮುಂದುವರಿಯಿತು.