ಜಯಕ್ಕನ ಕೈಗುಣ, ನನ್ನ ಉಪ್ಪುನೀರು

ನಮ್ಮಕ್ಕನ ಕುಂಕುಮದಿಂದ ನನ್ನ ಮೀನುಗಳು ಸಾಯಲಿಲ್ಲ. ಕೊಂದವನು ನಾನು. ಗೊತ್ತಿದ್ದೂ ಗೊತ್ತಿದ್ದೂ ಅದನ್ನು ಅವಳ ತಲೆಗೆ ಕಟ್ಟಿದವನೂ ನಾನೇ — ಅದೂ ನೆಂಟರಿಷ್ಟರ ಮುಂದೆ, ಕೈ ಆಡಿಸಿಕೊಂಡು, ಕಥೆ ಕಟ್ಟಿ. ಇಷ್ಟನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಇನ್ನು ಸ್ವಲ್ಪ ಹೊತ್ತಿಗೆ ನಾನು ನನ್ನ ಟ್ಯಾಂಕಿನ ಬಗ್ಗೆ ಜಂಬ ಕೊಚ್ಚಿಕೊಳ್ಳಲು ಶುರುಮಾಡುತ್ತೇನೆ. ನನ್ನ ಬಾಯಿಗೆ ಆ ಚಟವಿದೆ, ಆಗ ಹೇಳಬೇಕಾದದ್ದು ಎಲ್ಲೋ ಉಳಿದುಹೋಗುತ್ತದೆ.

ಬನ್ನಿಮಂಟಪದಲ್ಲಿ ನನ್ನದೊಂದು ಮೋಟಾರ್ ವೈಂಡಿಂಗ್ ಅಂಗಡಿ. ಬೋರ್‌ವೆಲ್ ಪಂಪು, ಗ್ರೈಂಡರ್, ಹಿಟ್ಟಿನ ಗಿರಣಿಯ ಮೋಟಾರ್ — ಸುಟ್ಟುಹೋದದ್ದು ಏನೇ ಬರಲಿ, ತಾಮ್ರದ ತಂತಿ ಸುತ್ತಿ ಓಡಿಸಿ ಕಳಿಸುತ್ತೇನೆ. ಮೋಟಾರಿನ ವಿಷಯದಲ್ಲಿ ನಂಜುಂಡನನ್ನು ಮೀರಿಸಿದವನು ಈ ಸುತ್ತಿನಲ್ಲಿ ಇಲ್ಲ ಎಂದು ನಾನೇ ಹೇಳಿಕೊಂಡು ಓಡಾಡಿದ್ದೇನೆ. ಅಂಗಡಿಯ ಹಿಂದೆಯೇ ಮನೆ. ಕೆಳಗೆ ನಾನು, ನನ್ನ ಹೆಂಡತಿ ಭಾಗ್ಯ. ಮಹಡಿಯ ಮೇಲೆ ನಮ್ಮಕ್ಕ ಜಯಮ್ಮ ಮತ್ತು ಭಾವ. ಅಕ್ಕನನ್ನು ಬೀದಿಯವರೆಲ್ಲ ಜಯಕ್ಕ ಎನ್ನುತ್ತಾರೆ.

ಜಯಕ್ಕನ ಕೈಗುಣ ನಮ್ಮ ಬೀದಿಯಲ್ಲಿ ಹೆಸರುವಾಸಿ. ಅವಳು ನೆಟ್ಟ ಕರಿಬೇವು ಕಲ್ಲಿನ ಸಂದಿಯಲ್ಲೂ ಚಿಗುರುತ್ತದೆ. ಯಾರ ಮನೆಯಲ್ಲಿ ಹಾಲು ಉಕ್ಕಿಸಬೇಕಾದರೂ, ಹೊಸ ಒಲೆ ಹಚ್ಚಬೇಕಾದರೂ, ಹೂವಿನ ಸಸಿ ನೆಡಬೇಕಾದರೂ ಮೊದಲು ಅವಳನ್ನು ಕರೆಯುತ್ತಿದ್ದರು. ಅವಳಿಗೆ ಅದರ ಬಗ್ಗೆ ಒಂದು ಸದ್ದಿಲ್ಲದ ಹೆಮ್ಮೆಯಿತ್ತು. ನನ್ನ ಹಾಗೆ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಕರೆ ಬಂದ ದಿನ ಒಳ್ಳೆಯ ಸೀರೆ ಉಟ್ಟು, ಮೆಟ್ಟಿಲು ಇಳಿಯುವಾಗ ಒಮ್ಮೆ ಕೆಮ್ಮುತ್ತಿದ್ದಳು. ನಾವು ನೋಡಲಿ ಎಂದು, ಅಷ್ಟೇ.

ಟ್ಯಾಂಕಿನ ಹುಚ್ಚು ನನಗೆ ಹಿಡಿದದ್ದು ಜಯಲಕ್ಷ್ಮಿಪುರಂನ ಒಬ್ಬ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ. ದವಡೆ ಹಲ್ಲು ಕೀಳಿಸಲು ಹೋದವನು ಹೊರಗೆ ಕೂತಿದ್ದೆ. ಎದುರಿಗೆ ಗಾಜಿನ ಪೆಟ್ಟಿಗೆಯಲ್ಲಿ ಕಡಲು — ಬಣ್ಣಬಣ್ಣದ ಹವಳ, ಅದರ ನಡುವೆ ಕಿತ್ತಳೆ ಮೈಯ ಮೇಲೆ ಬಿಳಿ ಪಟ್ಟೆಯ ಪುಟ್ಟ ಮೀನುಗಳು. ನನ್ನ ಸರದಿ ಬಂದು ಹೆಸರು ಕೂಗಿದರೂ ಕೇಳಿಸಲಿಲ್ಲ. ಹಲ್ಲು ನೋಯುತ್ತಿತ್ತೋ ಇಲ್ಲವೋ, ಅದೂ ನೆನಪಿಲ್ಲ. ಸಮುದ್ರವನ್ನು ನಾನು ಅಲ್ಲಿಯವರೆಗೆ ನೋಡಿದ್ದೇ ಎರಡೋ ಮೂರೋ ಸಲ. ಅದನ್ನು ಮನೆಗೇ ತರಬಹುದು ಎಂದು ಗೊತ್ತಾದ ಮೇಲೆ ಸುಮ್ಮನಿರುವುದಾದರೂ ಹೇಗೆ?

ಎಲ್ಲ ನಾನೇ ಮಾಡಿದೆ. ಇದನ್ನು ಹೇಳುವಾಗ ಈಗಲೂ ಎದೆ ಉಬ್ಬುತ್ತದೆ. ಎರಡಡಿ ಉದ್ದದ ಟ್ಯಾಂಕಿಗೆ ಗಾಜು ಅಳೆದು ಕೊಯ್ಯಿಸಿ, ಸಿಲಿಕೋನ್ ಹಚ್ಚಿ ಅಂಟಿಸಿದೆ. ಒಂದು ಹನಿ ಸೋರಲಿಲ್ಲ. ಅಡುಗೆ ಉಪ್ಪು ಇದಕ್ಕೆ ಆಗುವುದಿಲ್ಲ. ಕಡಲ ಮೀನಿಗೆಂದೇ ಬರುವ ಉಪ್ಪಿನ ಪುಡಿಯನ್ನು ಫಿಲ್ಟರ್ ನೀರಿಗೆ ಹಾಕಿ, ಬಕೆಟ್ಟಿನಲ್ಲಿ ಕಲಕಿ, ಉಪ್ಪಿನ ಹದ ಅಳೆಯುವ ಕಡ್ಡಿ ಇಟ್ಟು ನೋಡಬೇಕು. ತಳಕ್ಕೆ ಬಿಳಿ ಮರಳು, ಅದರ ಮೇಲೆ ತೂತುತೂತಾದ ಕಲ್ಲುಗಳು. ನೀರು ಸದಾ ಸುತ್ತುತ್ತಿರಬೇಕು, ಅದಕ್ಕೊಂದು ಪಂಪು. ಪಂಪು ಅಂದರೆ ನನ್ನ ಕೈಯ ಕೆಲಸ. ತಂದ ದಿನವೇ ಬಿಚ್ಚಿ, ಒಳಗೆಲ್ಲ ನೋಡಿ, ಮತ್ತೆ ಜೋಡಿಸಿದೆ.

ಆಮೇಲೆ ಕಾಯಬೇಕು. ನೀರು ಹದಕ್ಕೆ ಬರುವವರೆಗೆ, ಕಲ್ಲಿನಲ್ಲಿ ಕಣ್ಣಿಗೆ ಕಾಣದ ಜೀವಿಗಳು ನೆಲೆಯೂರುವವರೆಗೆ ಮೀನು ಬಿಡುವಂತಿಲ್ಲ. ವಾರಗಟ್ಟಲೆ ಬರೀ ನೀರು, ಬರೀ ಕಲ್ಲು, ಮೇಲೊಂದು ನೀಲಿ ದೀಪ. ಬಂದವರೆಲ್ಲ ಬಗ್ಗಿ ಹುಡುಕಿ ಏನೂ ಕಾಣದೆ ನನ್ನ ಮುಖ ನೋಡುತ್ತಿದ್ದರು.

“ಏನೋ ನಂಜುಂಡ, ಎಲ್ರೂ ಮೀನು ಸಾಕ್ತಾರೆ, ನೀನು ನೀರು ಸಾಕ್ತಿದೀಯಾ?” ಎಂದು ಅಕ್ಕ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು.

“ನಗು ನಗು. ಮೀನು ಬರ್ಲಿ, ಆಮೇಲೆ ಇಲ್ಲಿಂದ ಏಳಲ್ಲ ನೀನು,” ಎಂದೆ.

ಹಾಗೇ ಆಯಿತು. ಪಟ್ಟೆ ಮೀನಿನ ಜೋಡಿಯೊಂದನ್ನೂ, ಹೊರದೇಶದಲ್ಲಿ ಟ್ಯಾಂಕಿನಲ್ಲೇ ಬೆಳೆಸಿದ ಹವಳದ ತುಂಡುಗಳನ್ನೂ ತಂದೆ. ಕಲ್ಲಿನ ಮೇಲೆ ಅಂಗಿಯ ಗುಂಡಿಯಷ್ಟಗಲ ಹಸಿರು, ನೇರಳೆ ಹೂವು ಬಿಟ್ಟ ಹಾಗೆ ಕಾಣುವ ಹವಳ. ಮೀನನ್ನು ಮೊದಲು ನೀರಿಗೆ ಬಿಡುವ ಕೆಲಸ ಅಕ್ಕನದೇ ಎಂದು ಹೇಳಿದವನು ನಾನು. ಕೈಗುಣದ ಮೇಲೆ ನನಗೂ ನಂಬಿಕೆಯಿತ್ತು ಎಂಬುದನ್ನು ಇಲ್ಲಿ ಮುಚ್ಚಿಡಲಾರೆ. ಅವಳು ಕೆಮ್ಮಿ, ಮೆಟ್ಟಿಲಿಳಿದು ಬಂದಳು. ಚೀಲದ ಬಾಯಿ ಬಿಚ್ಚಿ ಮೀನುಗಳನ್ನು ಸಣ್ಣ ಬಟ್ಟಲಿನಲ್ಲಿ ಎತ್ತಿ ಮೆಲ್ಲಗೆ ಬಿಟ್ಟಳು. ಒಂದೂ ಬೆದರಲಿಲ್ಲ. ಸಂಜೆಯ ಹೊತ್ತಿಗೆ ಕಲ್ಲಿನ ಒಂದು ಸಂದಿಯನ್ನು ಮನೆ ಮಾಡಿಕೊಂಡಿದ್ದವು. ಅಂದಿನಿಂದ ಅಕ್ಕ ದಿನಾ ಸಂಜೆ ಕಾಫಿ ಲೋಟ ಹಿಡಿದು ಟ್ಯಾಂಕಿನ ಮುಂದೆ ಕೂರುವುದು ರೂಢಿಯಾಯಿತು. ನೋಡಲು ಬಂದವರಿಗೆ ನಾನು ನೀರಿನ ವಿಜ್ಞಾನ ಹೇಳುತ್ತಿದ್ದೆ. ಅವಳು ಮೀನುಗಳ ಸಂಸಾರ ಹೇಳುತ್ತಿದ್ದಳು. ಜನ ಕೇಳುತ್ತಿದ್ದದ್ದು ಅವಳ ಮಾತನ್ನು.

ಆ ವರ್ಷದ ದಸರಾ ಬಂತು. ವಿಜಯದಶಮಿಯ ಸಂಜೆ ಪಂಜಿನ ಕವಾಯತು ನೋಡಲು ನಮ್ಮ ಮನೆಗೆ ನೆಂಟರ ದಂಡೇ ಬರುತ್ತದೆ. ಮೈದಾನ ಹತ್ತಿರ, ಊಟ ನಮ್ಮಲ್ಲಿ. ಈ ಸಲ ಅವರಿಗೆ ಕವಾಯತಿಗಿಂತ ಮೊದಲು ನನ್ನ ಕಡಲು ತೋರಿಸಬೇಕು ಎಂದು ತಿಂಗಳಿಂದ ಲೆಕ್ಕ ಹಾಕಿದ್ದೆ.

ಅದರ ಹಿಂದಿನ ದಿನ ಆಯುಧಪೂಜೆ. ನಮ್ಮ ಕಸುಬಿನವರಿಗೆ ಅದಕ್ಕಿಂತ ದೊಡ್ಡ ಹಬ್ಬವಿಲ್ಲ. ತಂತಿ ಸುತ್ತುವ ಯಂತ್ರ, ಸ್ಪ್ಯಾನರು, ಮೀಟರು ಎಲ್ಲವನ್ನೂ ತೊಳೆದು ಒರೆಸಿ, ವಿಭೂತಿ ಬಳಿದು, ಕುಂಕುಮವಿಟ್ಟು ಸಾಲಾಗಿ ಇಡುತ್ತೇವೆ. ಪೂಜೆಯಾದ ಮೇಲೆ ಅವನ್ನು ಮುಟ್ಟುವಂತಿಲ್ಲ. ವರ್ಷವಿಡೀ ದುಡಿದ ಮೋಟಾರಿಗೆ ಅದೊಂದು ದಿನ ವಿಶ್ರಾಂತಿ. ಮರುದಿನ ಬೆಳಿಗ್ಗೆಯೇ ಸ್ವಿಚ್ಚು ಹಾಕುವುದು. ನನ್ನ ಅಂಗಡಿಯಲ್ಲಿ ಈ ನಿಯಮವನ್ನು ನಾನು ಒಮ್ಮೆಯೂ ತಪ್ಪಿಸಿದವನಲ್ಲ.

ಅಂಗಡಿ ಪೂಜೆ ಮುಗಿಸಿ ಮನೆಗೆ ಬಂದೆ. ಮಿಕ್ಸಿ, ಹೊಲಿಗೆ ಮಿಷನ್ನು, ಸ್ಕೂಟರ್ ಎಲ್ಲಕ್ಕೂ ಅಕ್ಕ ಪೂಜೆ ಮಾಡುತ್ತಿದ್ದಳು. ಕೊನೆಗೆ ಟ್ಯಾಂಕಿನ ಹತ್ತಿರ ಬಂದಳು. ಪಂಪು ಗುಂಯ್ ಎನ್ನುತ್ತಿತ್ತು. ಇದೂ ಮೋಟಾರೇ ಅಲ್ಲವೇ ಎಂದುಕೊಂಡೆ. ಟ್ಯಾಂಕಿನ ಹಿಂದೆ ಕೈ ಹಾಕಿ ಅದರ ಸ್ವಿಚ್ಚು ಆರಿಸಿದೆ. ದೀಪದ ಸ್ವಿಚ್ಚು ಬೇರೆ, ಅದು ಉರಿಯುತ್ತಲೇ ಇತ್ತು. ಹಾಗಾಗಿ ಯಾರಿಗೂ ತಿಳಿಯಲಿಲ್ಲ. ಅಕ್ಕ ಗಾಜಿಗೆ ಕುಂಕುಮವಿಡುವಾಗ ಬೆರಳಿನಿಂದ ಒಂದು ಚಿಟಿಕೆ ಉದುರಿ ನೀರಿಗೆ ಬಿತ್ತು. “ಅಯ್ಯೋ!” ಎಂದಳು. “ಬುಡಕ್ಕ, ಏನಾಗಲ್ಲ,” ಎಂದೆ — ಹೌದು, ನಾನೇ ಹಾಗೆಂದೆ. ಧೂಪದ ಬೂದಿ ಬೀಳದಿರಲಿ ಎಂದು ಗಾಜಿನ ಮುಚ್ಚಳವನ್ನು ಬಿಗಿಯಾಗಿ ಮುಚ್ಚಿದೆ. ಬೂದುಗುಂಬಳ ಒಡೆಯಲು ಅಂಗಡಿಗೆ ಓಡಿದೆ.

ಮರೆತೆ ಎಂದು ಹೇಳಬಹುದಿತ್ತು. ಮರೆತಿರಲಿಲ್ಲ. ಮಧ್ಯಾಹ್ನ ಊಟಕ್ಕೆ ಕೂತಾಗ ನೆನಪಾಯಿತು. ನೀರು ಸುತ್ತದಿದ್ದರೆ ಅದರಲ್ಲಿ ಗಾಳಿ ಕಡಿಮೆಯಾಗುತ್ತದೆ, ಮೀನು ಉಸಿರುಗಟ್ಟುತ್ತದೆ ಎಂದು ಓದಿದ್ದೂ ನೆನಪಾಯಿತು. ಆದರೆ ಪೂಜೆಯಾದ ಮೋಟಾರನ್ನು ಅವತ್ತೇ ಓಡಿಸುವುದೇ — ನಾನು? ಒಂದು ದಿನಕ್ಕೆ ಏನಾಗುತ್ತದೆ ಎಂದುಕೊಂಡು ಇನ್ನೆರಡು ಒಬ್ಬಟ್ಟು ಹಾಕಿಸಿಕೊಂಡೆ.

ದಶಮಿಯ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಎದ್ದೆ. ನೀರಿನ ಮೇಲೆ ಕೆನೆಯಂತೆ ಪದರ ಕಟ್ಟಿತ್ತು. ಎರಡು ಮೀನುಗಳೂ ಮರಳಿನ ಮೇಲೆ ಪಕ್ಕಕ್ಕೆ ಬಿದ್ದಿದ್ದವು. ಹವಳಗಳು ಒಣದ್ರಾಕ್ಷಿಯಂತೆ ಮುದುಡಿದ್ದವು. ಪಾಚಿ ತಿನ್ನಲೆಂದು ತಂದು ಬಿಟ್ಟಿದ್ದ ಒಂದು ಬಸವನಹುಳು ಮಾತ್ರ ನೀರಿನ ಅಂಚಿನವರೆಗೂ ಹತ್ತಿ, ಗಾಜಿಗೆ ಅಂಟಿಕೊಂಡು ಬದುಕಿತ್ತು. ಮರಳಿನ ಮೇಲಿದ್ದ ಕುಂಕುಮದ ಕಲೆಯ ಮೇಲೇ ಅದು ಹರಿದು ಬಂದ ಗೆರೆ ಕಾಣುತ್ತಿತ್ತು. ಕುಂಕುಮ ಅದಕ್ಕೆ ಏನೂ ಮಾಡಿರಲಿಲ್ಲ. ಗಾಳಿಗಾಗಿ ಅದು ಮೇಲೆ ಬಂದಿತ್ತು. ನನಗೆ ಎಲ್ಲ ಅರ್ಥವಾಯಿತು.

ಆಗ ನಾನು ಮಾಡಿದ ಮೊದಲ ಕೆಲಸ ಪಂಪಿನ ಸ್ವಿಚ್ಚು ಹಾಕಿದ್ದು. ಮುಚ್ಚಳ ತೆಗೆದಿಟ್ಟೆ. ನೀರು ಸುತ್ತಲು ಶುರುವಾಗಿ, ಪದರ ಒಡೆದು ಹೋಗುವವರೆಗೂ ನಿಂತಿದ್ದೆ. ಆಮೇಲೆ ಭಾಗ್ಯಳನ್ನು ಕೂಗಿದೆ.

ಭಾಗ್ಯ ಬಂದು ನೋಡಿ, “ರೀ, ನಿನ್ನೆ ಕುಂಕುಮ ಬಿತ್ತಲ್ಲಾ...” ಎಂದು ಅರ್ಧಕ್ಕೆ ನಿಲ್ಲಿಸಿದಳು. ಅಷ್ಟರಲ್ಲಿ ಅಕ್ಕ ಬಾಗಿಲಲ್ಲಿ ನಿಂತಿದ್ದಳು. ಅವಳು ಮೀನುಗಳನ್ನು ನೋಡಿದಳು. ತನ್ನ ಬಲಗೈಯನ್ನು ನೋಡಿಕೊಂಡಳು.

“ನನ್ ಕೈಯಿಂದ ಇಂಗಾಯ್ತೇನೋ ನಂಜುಂಡ?”

ಇಲ್ಲ ಅನ್ನುವುದಕ್ಕೆ ಎಷ್ಟು ಹೊತ್ತು ಬೇಕು! ಆದರೆ ಮೋಟಾರಿನ ನಂಜುಂಡ ಮೋಟಾರ್ ನಿಲ್ಲಿಸಿ ಮೀನು ಕೊಂದ ಎಂದು ಸಂಜೆ ಬರುವ ನೆಂಟರು ಆಡಿಕೊಂಡು ನಗುವುದು ಕಣ್ಣ ಮುಂದೆ ಬಂತು.

“ಇನ್ನೇನಕ್ಕ ಮತ್ತೆ? ಉಪ್ಪುನೀರು ಅಂದ್ರೆ ಹುಡುಗಾಟ ಅಲ್ಲ ಕಣಕ್ಕ. ನೀನು ನೋಡ್ಕೊಂಡು ಇಡ್ಬೇಕಿತ್ತು.”

ಅವಳು ಮೇಲೆ ಹೋದಳು. ಸಂಜೆ ನೆಂಟರು ಬಂದಾಗ ನಾನು ಆ ಕಥೆಯನ್ನು ಇನ್ನೂ ಸೊಗಸಾಗಿ ಹೇಳಿದೆ. ಎಲ್ಲರೂ ನಕ್ಕರು. ಅಕ್ಕ ತಟ್ಟೆಗಳಿಗೆ ಅನ್ನ ಬಡಿಸುತ್ತಿದ್ದಳು.

ಹವಳಗಳು ಸಾಯಲಿಲ್ಲ. ನೀರು ಬದಲಿಸುತ್ತ ಬಂದೆ. ಒಂದೊಂದಾಗಿ ಅರಳಿದವು. ಹೊಸ ಜೋಡಿ ಮೀನು ತಂದೆ. ಇವತ್ತು ಆ ಕಲ್ಲುಗಳೇ ಕಾಣದಷ್ಟು ಹವಳ ಹಬ್ಬಿದೆ. ಗೋಕುಲಂನಿಂದ, ಇನ್ನೆಲ್ಲಿಂದಲೋ ಜನ ವಿಚಾರಿಸಿಕೊಂಡು ನೋಡಲು ಬರುತ್ತಾರೆ. “ಸತ್ತೋದದ್ದನ್ನ ನಂಜುಂಡ ಬದುಕಿಸ್ಬುಟ್ಟ,” ಎಂದು ಹೊಗಳುತ್ತಾರೆ. ನಾನು ಮೀಸೆ ಸವರಿಕೊಳ್ಳುತ್ತೇನೆ. ಟ್ಯಾಂಕು ನಿಜಕ್ಕೂ ಚೆನ್ನಾಗಿದೆ, ಆ ಹೆಮ್ಮೆ ಸುಳ್ಳಲ್ಲ. ಆದರೆ ಅಕ್ಕ ಅದರ ಮುಂದೆ ಮತ್ತೆ ಕೂರಲಿಲ್ಲ. ಸಂಜೆಯ ಕಾಫಿ ಮಹಡಿಯ ಮೇಲೇ ಆಯಿತು. ಬೀದಿಯವರು ಕರೆದರೆ ಮಂಡಿನೋವು ಎನ್ನುತ್ತಿದ್ದಳು. ಸಸಿ ಕೊಟ್ಟರೆ ಭಾವನ ಕೈಗೆ ದಾಟಿಸುತ್ತಿದ್ದಳು. ಅವಳ ಕೆಮ್ಮು ಕೇಳಿ ಎಷ್ಟು ಕಾಲವಾಯಿತು ಎಂದು ನಾನು ಎಣಿಸಲು ಹೋಗಲಿಲ್ಲ. ಎಣಿಸಿದರೆ ಬಾಯಿ ಬಿಡಬೇಕಾಗುತ್ತಿತ್ತು.

ಅವಳ ಮಗಳು ಸೌಮ್ಯಳಿಗೆ ಹೆಣ್ಣುಮಗುವಾಯಿತು, ಅಕ್ಕನ ಮೊದಲ ಮೊಮ್ಮಗಳು. ತೊಟ್ಟಿಲು ಶಾಸ್ತ್ರ ನಮ್ಮ ಮನೆಯಲ್ಲೇ ನಡೆಯಿತು. ಗುಂಡುಕಲ್ಲಿಗೆ ಬಟ್ಟೆ ಸುತ್ತಿ ತೊಟ್ಟಿಲಲ್ಲಿ ಮಲಗಿಸಿ ಎತ್ತಿದ್ದಾಯಿತು. ಇನ್ನು ಮಗುವನ್ನು ಮಲಗಿಸಬೇಕು.

“ಅಮ್ಮ, ಬಾಮ್ಮ, ನೀನೇ ಹಾಕು,” ಎಂದು ಸೌಮ್ಯ ಮಗುವನ್ನು ಚಾಚಿದಳು.

ಅಕ್ಕ ಕೈಗಳನ್ನು ಸೆರಗಿನೊಳಗೆ ಸೇರಿಸಿ ಹಿಂದೆ ಸರಿದಳು. “ನನ್ ಕೈ ಬ್ಯಾಡ ಕಣಮ್ಮ. ಭಾಗ್ಯ ಹಾಕ್ಲಿ.”

ಭಾಗ್ಯ ಹಾಕಿದಳು. ಹಾಡು ಹೇಳಿದರು. ಅಕ್ಕ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡಿದಳು. ನಾನು ಅವಳಿಂದ ಒಂದು ಮಾರು ದೂರದಲ್ಲಿದ್ದೆ. ಅವತ್ತೂ ಹೇಳಲಿಲ್ಲ. ಮೊದಲು ಹೇಳಿದ ಸುಳ್ಳಿಗಿಂತ ಈ ಮೌನವೇ ದೊಡ್ಡ ತಪ್ಪು ಎಂದು ನನಗೆ ಈಗ ಅನ್ನಿಸುತ್ತದೆ. ಮೊದಲನೆಯ ಸಲ ಅವಳಿಂದ ಏನು ಕಿತ್ತುಕೊಳ್ಳುತ್ತಿದ್ದೇನೆಂದು ಗೊತ್ತಿರಲಿಲ್ಲ. ಎರಡನೆಯ ಸಲ ಕಣ್ಣಾರೆ ಕಂಡಿದ್ದೆ.

ಮತ್ತೆ ದಸರಾ ಹತ್ತಿರ ಬಂದಾಗ ತಡೆಯಲಾಗದೆ, ಹೋದ ವಾರ ಮಹಡಿ ಹತ್ತಿ ಹೋಗಿ ಹೇಳಿದೆ. ಸ್ವಿಚ್ಚು, ಮುಚ್ಚಳ, ಒಬ್ಬಟ್ಟು, ಯಾರನ್ನೂ ಕೂಗುವ ಮೊದಲು ಪಂಪು ಹಾಕಿದ್ದು — ಎಲ್ಲ. ಅಕ್ಕ ಹುರುಳಿಕಾಯಿಯ ನಾರು ಬಿಡಿಸುತ್ತಿದ್ದಳು. ಕೈ ನಿಂತಿತು. ಬೈಯುತ್ತಾಳೆ, ಅಳುತ್ತಾಳೆ, ಇಲ್ಲವೇ ಹೋಗಲಿ ಬುಡು ಎನ್ನುತ್ತಾಳೆ ಎಂದು ಕಾದೆ. ಅವಳು ತಲೆಯೆತ್ತಿದಳು.

“ಮೀನೇನೋ ಇನ್ನೊಂದು ಜೊತೆ ತಂದ್ಕಂಡೆ. ನನ್ ಮೊಮ್ಮಗಳನ್ನ ತೊಟ್ಲಿಗಾಕೋ ದಿನ ಎಲ್ಲಿಂದ ತತ್ತೀಯೋ ನಂಜುಂಡ?”

ನಾನು ಮೆಟ್ಟಿಲಿಳಿದು ಬಂದೆ.

ನಾಡಿದ್ದು ವಿಜಯದಶಮಿ. ಅದೇ ನೆಂಟರು ಬರುತ್ತಾರೆ, ಟ್ಯಾಂಕಿನ ಮುಂದೆ ನಿಲ್ಲುತ್ತಾರೆ, ಯಾರಾದರೊಬ್ಬರು ಆ ಹಳೆಯ ಕಥೆ ಹೇಳೆಂದು ಕೇಳೇ ಕೇಳುತ್ತಾರೆ. ಹೇಳುತ್ತೇನೆ. ಅಂದು ಎಷ್ಟು ಗಟ್ಟಿಯಾಗಿ ಹೇಳಿದ್ದೆನೋ ಅಷ್ಟೇ ಗಟ್ಟಿಯಾಗಿ, ಸ್ವಿಚ್ಚು ಆರಿಸಿದ್ದು ಯಾರ ಕೈ ಎಂದು ಹೇಳುತ್ತೇನೆ. ಅವರು ನಗಲಿ. ಅಕ್ಕ ಕೆಳಗೆ ಬರುತ್ತಾಳೋ ಇಲ್ಲವೋ ಗೊತ್ತಿಲ್ಲ, ಬಾ ಎಂದು ಕರೆಯುವ ಮುಖ ನನಗಿಲ್ಲ. ಮಹಡಿಯ ಬಾಗಿಲು ತೆರೆದಿದ್ದರೆ ಅವಳಿಗೆ ಕೇಳಿಸುವಷ್ಟು ಜೋರಾಗಿ ಹೇಳುತ್ತೇನೆ.